ಕೋಟೆ ಊರಲ್ಲಿ ಸ್ಟೇಷನ್ ಪಕ್ಕದ ರೂಮ್: ಮಾತ್ಸುಮೊತೊಗೆ ಹೋಗುವವರಿಗೆ

ಟೋಕಿಯೊಗೆ ಹೊರಟ ನಮ್ಮವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಒಂದೇ ಮಾತು. "ಮಾತ್ಸುಮೊತೊ ಕೋಟೆ ನೋಡಬೇಕು. ಬೆಳಗ್ಗೆ ಹೋಗಿ ಸಂಜೆ ಬಂದರೆ ಸಾಕಾ, ಅಲ್ಲೇ ಉಳಿಯಬೇಕಾ? ಉಳಿದರೆ ಎಲ್ಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಉಳಿಯಿರಿ, ಸ್ಟೇಷನ್ ಪಕ್ಕದಲ್ಲೇ ಉಳಿಯಿರಿ. ಈ ಕೋಟೆ ತುಂಬ ಚೆಂದ ಕಾಣುವುದು ಅದರ ಬಾಗಿಲು ಮುಚ್ಚಿರುವಾಗ. ಕತ್ತಲಾದ ಮೇಲೆ ದೀಪ ಹಾಕುತ್ತಾರೆ, ಕಪ್ಪು ಗೋಪುರ ಕಂದಕದ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ಬೆಳಗ್ಗೆ ಬೇಗ ಹೋದರೆ ಹಿಂದೆ ಜಪಾನಿನದೇ ಆದ ಉತ್ತರ ಆಲ್ಪ್ಸ್ ಬೆಟ್ಟಗಳ ಮೇಲೆ ಮೊದಲ ಬಿಸಿಲು ಬಿದ್ದಿರುತ್ತದೆ. ಹಗಲು ಬಂದು ಹೋಗುವವರಿಗೆ ಇವೆರಡೂ ಸಿಗುವುದಿಲ್ಲ. ಕಂದಕದ ಹೊರಗೆ ಓಡಾಡಲು ಟಿಕೆಟ್ಟೂ ಬೇಡ.

ಮಾತ್ಸುಮೊತೊ ಒಂದು 'ಜೋಕಮಾಚಿ'. ಅಂದರೆ ಪಾಳೆಯಗಾರನ ಕೋಟೆಯ ಸುತ್ತ ಬೆಳೆದ ಊರು. ಇಂಥ ಊರುಗಳಿಗೆ ರೈಲು ಬಂದಾಗ ನಡುವೆ ಜಾಗ ಇರಲಿಲ್ಲ, ಹಾಗಾಗಿ ಸ್ಟೇಷನ್ ಸಾಮಾನ್ಯವಾಗಿ ಹಳೇ ಊರಿನ ಅಂಚಿಗೆ ಬಿತ್ತು. ಮಾತ್ಸುಮೊತೊಗೆ ರೈಲು ಬಂದದ್ದು 1902ರಲ್ಲಿ. ಇವತ್ತಿಗೂ ಸ್ಟೇಷನ್‌ನಿಂದ ಕೋಟೆಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ನಡುವೆ ಇರುವುದೇ ಹಳೇ ಪೇಟೆ. ರೈಲಿಗೂ ಕೋಟೆಗೂ ಎರಡಕ್ಕೂ ಹತ್ತಿರ ಇರುವ ಜಾಗ ಅಂದರೆ ಸ್ಟೇಷನ್ ಎದುರೇ. ಹಿಮೆಜಿ, ಹಿಕೊನೆಯಂಥ ಬೇರೆ ಕೋಟೆ ಊರುಗಳಿಗೆ ಹೋಗುವವರಿಗೂ ಇಲ್ಲಿನ ಲೆಕ್ಕ ಬಹುಪಾಲು ಒಪ್ಪುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಹೋಟೆಲ್ ಅಂದರೆ ಮೊದಲು ನೆನಪಾಗುವುದು ಇಡ್ಲಿ, ಕಾಫಿ. ಇಲ್ಲಿ ನಾನು ಹೋಟೆಲ್ ಅನ್ನುವುದು ಲಾಡ್ಜಿಗೆ. ಸ್ಟೇಷನ್ ಎದುರು ಇರುವವು ಹೆಚ್ಚಾಗಿ 'ಬಿಸಿನೆಸ್ ಹೋಟೆಲ್'ಗಳು. ಕೆಲಸದ ಮೇಲೆ ಊರೂರು ತಿರುಗುವವರಿಗಾಗಿ ಕಟ್ಟಿದ್ದು. ರೂಮ್ ಸಣ್ಣದು, ಚೊಕ್ಕಟ, ಬಾಡಿಗೆ ಹಿಡಿತದಲ್ಲಿ. ಆದರೆ ದಿನವಿಡೀ ಊಟ ತಿಂಡಿ ಸಿಗುತ್ತದೆ ಅಂದುಕೊಳ್ಳಬೇಡಿ.

ಏನೇನು ಬೇಕು

ಪಾಸ್‌ಪೋರ್ಟ್, ಮೂಲ ಪ್ರತಿಯೇ. ಜಪಾನಿನಲ್ಲೇ ವಾಸ ಇರುವವರಿಗೆ ಅಲ್ಲಿನ ನಿವಾಸ ಕಾರ್ಡ್ ಸಾಕು. ಒಂದು ಕ್ರೆಡಿಟ್ ಕಾರ್ಡ್, ಜೊತೆಗೆ ಹತ್ತು ಹದಿನೈದು ಸಾವಿರ ಯೆನ್ ನಗದು. ಸುಯಿಕಾ ಕಾರ್ಡ್, ಅಂದರೆ ರೈಲು ಬಸ್ಸಿಗೆ ಮುಟ್ಟಿಸಿ ಹೋಗುವ ಕಾರ್ಡ್. ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್. ಫೋನಿನಲ್ಲಿ ಇಂಟರ್‌ನೆಟ್, ಕ್ಯಾಮೆರಾ ಹಿಡಿದರೆ ಓದಿ ಹೇಳುವ ಅನುವಾದದ ಆ್ಯಪ್. 100 ಯೆನ್ ನಾಣ್ಯ ಒಂದಷ್ಟು.

ರೈಸ್ ಕುಕ್ಕರ್ ಬೇಡ. ಜಪಾನಿನ ಕರೆಂಟ್ 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್, ಕಾಯಿಲ್ ಅಲ್ಲಿ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಅಡಾಪ್ಟರ್ ಹಾಕಿದರೆ ಪ್ಲಗ್ ಕೂರುತ್ತದೆ, ಅಷ್ಟೆ. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗೆ ಈ ತೊಂದರೆ ಇಲ್ಲ.

1. ಎಷ್ಟು ರಾತ್ರಿ, ಯಾವಾಗ

ಕೋಟೆ ಮತ್ತು ಪೇಟೆ ಮಾತ್ರ ಅಂದರೆ ಒಂದು ರಾತ್ರಿ ಸಾಕು. ಕಾಮಿಕೋಚಿ ಕಣಿವೆಯನ್ನೂ ಸೇರಿಸಿಕೊಳ್ಳುವುದಾದರೆ ಎರಡು ರಾತ್ರಿ ಇಡಿ. ನನ್ನನ್ನು ಕೇಳಿದರೆ ಎರಡೇ ಸರಿ.

ರೂಮ್ ಸಿಗದ ದಿನಗಳನ್ನು ಮೊದಲು ನೋಡಿಕೊಳ್ಳಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ 'ಗೋಲ್ಡನ್ ವೀಕ್', ಆಗಸ್ಟ್ ಮಧ್ಯದ 'ಒಬೊನ್' ರಜೆ, ಇವು ಇಡೀ ದೇಶವೇ ಓಡಾಡುವ ದಿನಗಳು. ಇವಲ್ಲದೆ ಈ ಊರಿನದೇ ಸಂಭ್ರಮಗಳಿವೆ. ಮೇ ಕೊನೆಗೆ ಕರಕುಶಲ ಮೇಳ, ಆಗಸ್ಟ್ ಮೊದಲ ಶನಿವಾರ ಊರೆಲ್ಲ ಬೀದಿಗಿಳಿದು ಕುಣಿಯುವ 'ಬೊನ್‌ಬೊನ್' ಹಬ್ಬ, ಅದಾದ ಮೇಲೆ ಆರ್ಕೆಸ್ಟ್ರಾ ನಡೆಸುತ್ತಿದ್ದ ಸೆಜಿ ಒಜಾವಾ ಹೆಸರಿನ ಸಂಗೀತೋತ್ಸವ. ಅಕ್ಟೋಬರ್‌ನಲ್ಲಿ ಬೆಟ್ಟದ ಎಲೆ ಬಣ್ಣ ತಿರುಗುವಾಗಲೂ ನೂಕುನುಗ್ಗಲು. ಈ ದಿನಗಳಿಗೆ ಮೂರು ನಾಲ್ಕು ತಿಂಗಳು ಮೊದಲೇ ಹಿಡಿದಿಡಿ. ಶನಿವಾರ ರಾತ್ರಿಯ ಬಾಡಿಗೆ ವರ್ಷವಿಡೀ ಜಾಸ್ತಿಯೇ. ದಿನ ನಿಮ್ಮ ಕೈಯಲ್ಲಿದ್ದರೆ ಭಾನುವಾರದಿಂದ ಗುರುವಾರದೊಳಗೆ ಹೋಗಿ.

ಊರು ಇರುವುದು ಸಮುದ್ರಮಟ್ಟದಿಂದ 590 ಮೀಟರ್ ಎತ್ತರದಲ್ಲಿ. ಮಡಿಕೇರಿಯ ಅರ್ಧದಷ್ಟು ಎತ್ತರ, ಚಳಿ ಮಾತ್ರ ಮಡಿಕೇರಿ ಕಂಡಿರದಷ್ಟು. ಜನವರಿ ರಾತ್ರಿಗಳಲ್ಲಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ, ಹಿಮದ ಬೆಟ್ಟ ಚೆನ್ನಾಗಿ ಕಾಣುತ್ತದೆ, ರೂಮ್ ಅಗ್ಗ. ಆದರೆ ಸಂಜೆ ಕಂದಕದ ಬಳಿ ನಿಲ್ಲಲು ಟೋಪಿ, ಕೈಗವಸು ಇಲ್ಲದೆ ಆಗದು.

2. ಜಾಗ ಗುರುತಿಸುವುದು

ಜನ ಜಾಸ್ತಿ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ತಪ್ಪು ಹೆಸರಿನದು. ಮಾತ್ಸುಮೊತೊ, ಮಾತ್ಸುಎ, ಮಾತ್ಸುಯಾಮಾ. ಮೂರೂ ಕೋಟೆ ಊರುಗಳು, ಮೂರರಲ್ಲೂ ಹಳೇ ಗೋಪುರ ಉಳಿದಿದೆ, ಮೂರೂ ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರ. ಬುಕ್ ಮಾಡುವ ಪುಟದಲ್ಲಿ 'ನಾಗಾನೊ' ಪ್ರಾಂತ್ಯ ಅಂತ ಇದೆಯಾ ನೋಡಿ. ಹಾಗಂತ ನಾಗಾನೊ ಅನ್ನುವ ಊರಲ್ಲಿ ರೂಮ್ ಹಿಡಿಯಬೇಡಿ. ಅದೇ ಪ್ರಾಂತ್ಯದ ರಾಜಧಾನಿ ಅದು, ಇಲ್ಲಿಂದ ರೈಲಿನಲ್ಲಿ ಹೋಗಬೇಕಾದಷ್ಟು ದೂರ.

ಎರಡನೆಯದು ಇನ್ನೂ ಮೋಸದ್ದು. 2005ರಲ್ಲಿ ಸುತ್ತಲಿನ ಬೆಟ್ಟದ ಹಳ್ಳಿಗಳನ್ನೆಲ್ಲ ಮಾತ್ಸುಮೊತೊ ನಗರಕ್ಕೆ ಸೇರಿಸಿದರು. ಕಾಗದದ ಮೇಲೆ ಕಾಮಿಕೋಚಿಯೂ ಈಗ ಇದೇ ನಗರ. ಹಾಗಾಗಿ 'ಮಾತ್ಸುಮೊತೊ' ಅಂತ ಹುಡುಕಿದರೆ ಒಂದೂವರೆ ಗಂಟೆ ಬೆಟ್ಟ ಹತ್ತಬೇಕಾದ ಬಿಸಿನೀರ ಬುಗ್ಗೆಯ ಮನೆಗಳೂ ಪಟ್ಟಿಯಲ್ಲಿ ಬರುತ್ತವೆ. ಫೋಟೊ ಸೊಗಸಾಗಿರುತ್ತದೆ, ಬೆರಳು ಒತ್ತಿಬಿಡುತ್ತದೆ. ಆಸಾಮಾ ಒನ್ಸೆನ್ ಅನ್ನುವ ಬುಗ್ಗೆಯ ಊರು ಅಷ್ಟು ದೂರ ಅಲ್ಲ, ಆದರೂ ಬಸ್ಸು ಹಿಡಿಯಬೇಕು. ಪಟ್ಟಿ ಬಿಡಿ, ನಕ್ಷೆಯಲ್ಲಿ ನೋಡಿ ಹಿಡಿಯಿರಿ. ಕಿತಾ-ಮಾತ್ಸುಮೊತೊ, ಮಿನಾಮಿ-ಮಾತ್ಸುಮೊತೊ ಅಂತ ಬೇರೆ ಎರಡು ಸಣ್ಣ ಸ್ಟೇಷನ್‌ಗಳಿವೆ. ನಿಮಗೆ ಬೇಕಾದದ್ದು ಬರೀ ಮಾತ್ಸುಮೊತೊ.

ಮೂರನೆಯದು ಸ್ಟೇಷನ್ನಿನ ಯಾವ ಬಾಗಿಲು ಅನ್ನುವುದು. ಪೂರ್ವದ್ದು 'ಓಶಿರೊ-ಗುಚಿ', ಅಂದರೆ ಕೋಟೆ ಬಾಗಿಲು. ಪಶ್ಚಿಮದ್ದು 'ಆಲ್ಪ್ಸ್-ಗುಚಿ', ಬೆಟ್ಟದ ಕಡೆಯದು. ಪೇಟೆ, ಬಸ್ ನಿಲ್ದಾಣ, ಊಟದ ಜಾಗ, ಕೋಟೆ ಎಲ್ಲವೂ ಪೂರ್ವಕ್ಕೆ. ರೂಮನ್ನೂ ಆ ಕಡೆಯೇ ನೋಡಿ. ನಾನು ಮೊದಲ ಸಲ ಹೋದಾಗ ಬೆಟ್ಟದ ಚೆಂದಕ್ಕೆ ಮರುಳಾಗಿ ಆಲ್ಪ್ಸ್ ಬಾಗಿಲಿನಿಂದ ಹೊರಬಂದೆ. ಎದುರು ಪೇಟೆಯೂ ಇಲ್ಲ, ಕೋಟೆಯೂ ಇಲ್ಲ. ಲಗೇಜ್ ಎಳೆದುಕೊಂಡು ವಾಪಸ್ ಮೆಟ್ಟಿಲು ಹತ್ತಿದೆ.

ಸ್ಟೇಷನ್ ಎದುರಿನ ಜಾಗಕ್ಕೆ 'ಎಕಿಮಾಏ' ಅನ್ನುತ್ತಾರೆ. ಹೋಟೆಲಿನ ಹೆಸರಲ್ಲೇ ಈ ಪದ ಇದ್ದರೆ ಒಳ್ಳೇ ಸುಳಿವು. ಆದರೂ ನಡಿಗೆ ಎಷ್ಟು ನಿಮಿಷ ಅಂತ ನೋಡಿ. ಐದರಿಂದ ಎಂಟು ನಿಮಿಷ ಇದ್ದರೆ ನನ್ನ ಪ್ರಕಾರ ಎಲ್ಲಕ್ಕಿಂತ ಉತ್ತಮ. ಅದು ಕೋಟೆಯ ದಿಕ್ಕಿಗೇ ಇದ್ದರೆ ನಡೆದದ್ದು ವ್ಯರ್ಥವೂ ಅಲ್ಲ.

3. ಬುಕ್ ಮಾಡುವಾಗ ಕಣ್ಣಿಡಬೇಕಾದ್ದು

ಸಾಮಾನ್ಯ ದಿನಗಳಲ್ಲಿ ಒಬ್ಬರ ರೂಮ್ ಏಳರಿಂದ ಹನ್ನೆರಡು ಸಾವಿರ ಯೆನ್ ಆಸುಪಾಸು ಬರುತ್ತದೆ. ಒತ್ತುವ ಮೊದಲು ಈ ಪದಗಳು ಗೊತ್ತಿರಲಿ.

'ಕಿನ್‌ಎನ್' ಅಂದರೆ ಸಿಗರೇಟು ಸೇದುವಂತಿಲ್ಲದ ರೂಮ್. 'ಕಿತ್ಸುಎನ್' ಅಂದರೆ ಸೇದುವವರದು. ಎರಡನೆಯದು ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ. ಬೇಡ. ಪರದೆ, ಹಾಸಿಗೆಗೆಲ್ಲ ವಾಸನೆ ಹಿಡಿದಿರುತ್ತದೆ.

'ಸೆಮಿ-ಡಬಲ್' ಅಂದರೆ ಸುಮಾರು 120 ಸೆಂಟಿಮೀಟರ್ ಅಗಲದ ಒಂದೇ ಮಂಚ. ಇಬ್ಬರಿಗೆ ಅಂತ ಕೊಡುತ್ತಾರೆ, ಆದರೆ ರಾತ್ರಿ ಒಬ್ಬರು ಕೆಳಗೆ ಬೀಳುವುದು ಖಾತ್ರಿ. ಗಂಡ ಹೆಂಡತಿ ಹೋಗುವುದಾದರೂ 'ಟ್ವಿನ್' ತೆಗೆದುಕೊಳ್ಳಿ, ಬೇರೆ ಬೇರೆ ಎರಡು ಮಂಚ. ಅಪ್ಪ ಅಮ್ಮನನ್ನು ಕರೆದೊಯ್ಯುವಾಗಲಂತೂ ಇದೇ.

'ಸುದೊಮಾರಿ' ಅಂದರೆ ರೂಮ್ ಮಾತ್ರ. 'ಚೋಶೊಕು-ತ್ಸುಕಿ' ಅಂದರೆ ಬೆಳಗಿನ ತಿಂಡಿ ಸೇರಿ. 'ದಾಯ್‌ಯೊಕುಜೋ' ಅಂದರೆ ಎಲ್ಲರೂ ಬಳಸುವ ದೊಡ್ಡ ಬಿಸಿನೀರ ಸ್ನಾನದ ಕೋಣೆ.

ಎಷ್ಟು ಜನ ಅನ್ನುವುದನ್ನು ಸುಳ್ಳು ಹಾಕಬೇಡಿ. ಅಲ್ಲಿ ಲೆಕ್ಕ ರೂಮಿಗಲ್ಲ, ತಲೆಗೆ. ಒಬ್ಬರಿಗೆ ಅಂತ ಹಿಡಿದು ಇಬ್ಬರು ಹೋಗಿ ನಿಂತರೆ ಕೌಂಟರಿನಲ್ಲಿ ಮುಜುಗರ ಆಗುತ್ತದೆ, ಒಮ್ಮೊಮ್ಮೆ ರೂಮೇ ಕೊಡುವುದಿಲ್ಲ. ಜಪಾನೀ ಭಾಷೆಯ ತಾಣಗಳಲ್ಲಿ ಕಾಣುವ ಬೆಲೆ ಒಬ್ಬರದ್ದಿರಬಹುದು, ಕೊನೆಯ ಮೊತ್ತ ನೋಡಿಯೇ ಒತ್ತಿ. ಸಣ್ಣ ಮಕ್ಕಳು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗುವುದಕ್ಕೆ 'ಸೊಇನೆ' ಅಂತ ಹೆಸರಿದೆ, ಬಹಳ ಕಡೆ ಅದಕ್ಕೆ ದುಡ್ಡಿಲ್ಲ. ಯಾವ ವಯಸ್ಸಿನವರೆಗೆ ಅನ್ನುವುದು ಮಾತ್ರ ಒಂದೊಂದು ಕಡೆ ಒಂದೊಂದು. ಮಗುವಿನ ವಯಸ್ಸು ನಮೂದಿಸಿಯೇ ಹಿಡಿಯಿರಿ.

ಒಂದು ಸಣ್ಣ ಆಸೆ ಇದ್ದರೆ: ಪಶ್ಚಿಮಕ್ಕೆ ಮುಖ ಮಾಡಿದ ಎತ್ತರದ ಮಹಡಿ ಕೊಡಿ ಅಂತ ಬುಕ್ಕಿಂಗ್ ಜೊತೆ ಒಂದು ಸಾಲು ಬರೆಯಿರಿ. ಕೊಟ್ಟೇ ಕೊಡುತ್ತಾರೆ ಅಂತಲ್ಲ. ಕೊಟ್ಟರೆ ಕಿಟಕಿಯಲ್ಲಿ ಆಲ್ಪ್ಸ್.

4. ಲಗೇಜ್

ಬಿಸಿನೆಸ್ ಹೋಟೆಲ್ ರೂಮಿನಲ್ಲಿ ದೊಡ್ಡ ಸೂಟ್‌ಕೇಸ್ ಎರಡು ಬಿಚ್ಚಿಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. 'ತಕ್ಯುಬಿನ್' ಅನ್ನುವ ಸಾಮಾನು ಸಾಗಿಸುವ ಸೇವೆ ಬಳಸಿ. ಟೋಕಿಯೊದ ಹೋಟೆಲ್ ಕೌಂಟರಿನಲ್ಲಿ ಚೀಟಿ ತುಂಬಿಸಿ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಊರಿನ ಹೋಟೆಲಿಗೆ ತಲುಪುತ್ತದೆ. ಒಂದು ಪೆಟ್ಟಿಗೆಗೆ ಎರಡು ಮೂರು ಸಾವಿರ ಯೆನ್. ಮಾತ್ಸುಮೊತೊದಿಂದ ಕ್ಯೋತೊಗೆ ಹೋಗುವವರು ಪೆಟ್ಟಿಗೆಯನ್ನು ನೇರ ಕ್ಯೋತೊಗೇ ಕಳಿಸಿ, ಇಲ್ಲಿಗೆ ಬೆನ್ನ ಮೇಲಿನ ಚೀಲ ಮಾತ್ರ ತನ್ನಿ. ಚೀಟಿಯಲ್ಲಿ ಚೆಕ್‌ಇನ್ ದಿನಾಂಕವನ್ನೂ ಬುಕ್ ಮಾಡಿದ ಹೆಸರನ್ನೂ ಬರೆಯಲು ಮರೆಯಬೇಡಿ. ಪಾಸ್‌ಪೋರ್ಟ್, ಔಷಧಿ ನಿಮ್ಮ ಕೈಯಲ್ಲೇ ಇರಲಿ.

5. ರೈಲು

ಬೆಂಗಳೂರಿನಿಂದ ಟೋಕಿಯೊ ಹತ್ತಿರದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನ ಇರುವುದರಿಂದ ಅವತ್ತೇ ಮಾತ್ಸುಮೊತೊಗೆ ಹೊರಡುತ್ತೇವೆ ಅನ್ನುವವರಿದ್ದಾರೆ. ಬೇಡ. ರಾತ್ರಿಯೆಲ್ಲ ಹಾರಿ, ಮತ್ತೆ ಟೋಕಿಯೊದ ಶಿಂಜುಕು ಸ್ಟೇಷನ್‌ವರೆಗೆ ಒಂದೂವರೆ ಗಂಟೆ, ಅಲ್ಲಿಂದ ಮತ್ತೆ ಎರಡೂವರೆ ಗಂಟೆಗಿಂತ ಜಾಸ್ತಿ. ಮೊದಲ ರಾತ್ರಿ ಟೋಕಿಯೊದಲ್ಲಿ ಮಲಗಿ.

ಶಿಂಜುಕುವಿನಿಂದ 'ಅಜುಸಾ' ಎಕ್ಸ್‌ಪ್ರೆಸ್ ನೇರ ಬರುತ್ತದೆ. ಟಿಕೆಟ್‌ನಲ್ಲಿ ಎರಡು ಭಾಗ. 'ಜೋಶಾಕೆನ್' ಅಂದರೆ ದೂರದ ದರ, 'ತೊಕ್ಕ್ಯೂಕೆನ್' ಅಂದರೆ ವೇಗದ ರೈಲಿಗೆ ಕೊಡುವ ಹೆಚ್ಚಿನ ದರ. ಎರಡೂ ಸೇರಿ ಆರೇಳು ಸಾವಿರ ಯೆನ್. ಸುಯಿಕಾ ಮುಟ್ಟಿಸಿ ಹತ್ತಿದರೆ ಮೊದಲ ಭಾಗ ಮಾತ್ರ ಕೊಟ್ಟಂತೆ. ಎರಡನೆಯದನ್ನು ಹತ್ತುವ ಮೊದಲೇ ಬೇರೆಯಾಗಿ ತೆಗೆದುಕೊಳ್ಳಬೇಕು.

2019ರಿಂದ ಈ ರೈಲಿನಲ್ಲಿ ಜನರಲ್ ಡಬ್ಬಿ ಅನ್ನುವುದೇ ಇಲ್ಲ, ಎಲ್ಲ ಸೀಟೂ ರಿಸರ್ವ್. ಸೀಟಿನ ಮೇಲೆ ಸಣ್ಣ ದೀಪಗಳಿರುತ್ತವೆ. ನಮ್ಮ ಟ್ರಾಫಿಕ್ ಸಿಗ್ನಲ್ಲಿಗೆ ತಿರುಗುಮುರುಗು! ಹಸಿರು ಅಂದರೆ ಅದು ಯಾರೋ ತೆಗೆದುಕೊಂಡ ಸೀಟು. ಹಳದಿ ಅಂದರೆ ಮುಂದೆ ಯಾರೋ ಹತ್ತಲಿದ್ದಾರೆ. ಕೆಂಪು ಅಂದರೆ ಖಾಲಿ. ಸೀಟ್ ನಂಬರ್ ಇಲ್ಲದ ಟಿಕೆಟ್ ಇರುವವರು ಕೆಂಪಿನ ಕೆಳಗೆ ಕೂರಬಹುದು. ಒಂದೇ ಹಣಕ್ಕೆ ನಂಬರ್ ಇರುವ ಸೀಟು ಸಿಗುವಾಗ ಈ ತಾಪತ್ರಯ ಯಾಕೆ? ಎಡಗಡೆಯ ಕಿಟಕಿ ಕೇಳಿ. ಮೋಡ ಇಲ್ಲದಿದ್ದರೆ ಕೋಫು ಊರಿನ ಆಸುಪಾಸು ಫುಜಿ ಬೆಟ್ಟದ ತಲೆ ಕಾಣುತ್ತದೆ.

ಶಿಂಜುಕುವಿನಿಂದ ಬಸ್ಸೂ ಇದೆ, ಮೂರು ಗಂಟೆ ಚಿಲ್ಲರೆ, ರೈಲಿಗಿಂತ ಅಗ್ಗ. ರಜೆ ದಿನ ರಸ್ತೆ ಕಟ್ಟಿಕೊಳ್ಳುತ್ತದೆ. ನಾಗೊಯಾ ಕಡೆಯಿಂದ ಬರುವವರಿಗೆ 'ಶಿನಾನೊ' ಎಕ್ಸ್‌ಪ್ರೆಸ್, ಸುಮಾರು ಎರಡು ಗಂಟೆ.

6. ಕೌಂಟರಿನಲ್ಲಿ

ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ಅದಕ್ಕಿಂತ ಮೊದಲು ರೂಮ್ ಕೊಡಿ ಅಂತ ಗೋಗರೆದರೂ ಕೊಡುವುದಿಲ್ಲ, ಚೌಕಾಸಿ ಅಲ್ಲಿ ನಡೆಯುವುದಿಲ್ಲ. ಆದರೆ ಚೀಲ ಇಟ್ಟುಕೊಳ್ಳುತ್ತಾರೆ, ದುಡ್ಡು ಕೇಳುವುದಿಲ್ಲ. ಬೆಳಗ್ಗೆ ಹತ್ತಕ್ಕೇ ಬಂದಿಳಿದರೂ ಮೊದಲು ಹೋಟೆಲಿಗೆ ಹೋಗಿ ಚೀಲ ಕೊಟ್ಟು ಟೋಕನ್ ಪಡೆದು ಊರು ಸುತ್ತಲು ಹೊರಡಿ. ಸ್ಟೇಷನ್ ಪಕ್ಕ ಇರುವ ಮೊದಲ ಲಾಭ ಇದೇ. ಹಾಗೆಯೇ, ರಾತ್ರಿ ತಡವಾಗಿ ಬರುವುದಾದರೆ ಮೊದಲೇ ತಿಳಿಸಿ. ಹೇಳಿದ ಹೊತ್ತು ಮೀರಿದರೆ ಬುಕ್ಕಿಂಗ್ ರದ್ದು ಮಾಡುವವರಿದ್ದಾರೆ.

ಪಾಸ್‌ಪೋರ್ಟ್ ತೆಗೆದುಕೊಂಡು ಪ್ರತಿ ಮಾಡಿಕೊಳ್ಳುತ್ತಾರೆ, ಗಾಬರಿ ಬೇಡ, ಅದು ಅಲ್ಲಿನ ನಿಯಮ. ದುಡ್ಡನ್ನು ಯಂತ್ರಕ್ಕೆ ಹಾಕುವ ಪದ್ಧತಿ ಈಗ ಬಹಳ ಕಡೆ ಇದೆ. ಕೆಲವು ಊರುಗಳಲ್ಲಿ ತಂಗುವ ತೆರಿಗೆ ಅಂತ ಸಣ್ಣ ಮೊತ್ತವನ್ನು ಅಲ್ಲೇ ಬೇರೆಯಾಗಿ ತೆಗೆದುಕೊಳ್ಳುತ್ತಾರೆ. ಮೋಸ ಅಂದುಕೊಳ್ಳಬೇಡಿ. ಬ್ರಶ್ಶು, ಬಾಚಣಿಗೆ, ರೇಜರ್, ರಾತ್ರಿ ಉಡುಪು ಇವೆಲ್ಲ ಕೌಂಟರ್ ಪಕ್ಕದ ಕಪಾಟಿನಲ್ಲಿ ಇರುತ್ತವೆ. ಬೇಕಾದಷ್ಟು ಎತ್ತಿಕೊಂಡು ಮೇಲೆ ಹೋಗಿ. ಟಿಪ್ಸ್ ಕೊಡಬೇಡಿ. ಕೊಟ್ಟರೆ ಹಿಂದೆ ಓಡಿಬಂದು ವಾಪಸ್ ಕೊಡುತ್ತಾರೆ.

7. ರೂಮಿನೊಳಗೆ

ಬಾಗಿಲ ಪಕ್ಕದ ಗೂಡಿಗೆ ಕೀ ಕಾರ್ಡ್ ಸಿಕ್ಕಿಸಿದರೆ ದೀಪ. ಫ್ರಿಜ್ ಆಫ್ ಮಾಡಿಟ್ಟಿರುತ್ತಾರೆ, ನೀವೇ ಆನ್ ಮಾಡಿ.

ಬಚ್ಚಲಿನ ವಿಷಯ ಮಾತ್ರ ಒತ್ತಿ ಹೇಳಬೇಕು. ಟಾಯ್ಲೆಟ್, ಬೇಸಿನ್, ತೊಟ್ಟಿ ಮೂರೂ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿ ಇರುತ್ತವೆ. ನಾವು ಸ್ನಾನ ಅಂದರೆ ನೆಲಕ್ಕೆ ನೀರು ಹೊಯ್ದೇ ಮಾಡುವವರು. ಅಲ್ಲಿ ಹಾಗಲ್ಲ. ನೆಲದಿಂದ ನೀರು ಹೋಗುವ ದಾರಿ ಹಲವು ಕಡೆ ಇರುವುದೇ ಇಲ್ಲ. ತೊಟ್ಟಿಯೊಳಗೇ ನಿಂತು, ಪರದೆಯ ಕೆಳತುದಿಯನ್ನು ತೊಟ್ಟಿಯ ಒಳಕ್ಕೆ ಬಿಟ್ಟುಕೊಂಡು ಶವರ್ ತಿರುಗಿಸಿ. ಇಲ್ಲದಿದ್ದರೆ ನೀರು ರೂಮಿನ ಕಾರ್ಪೆಟ್‌ಗೆ ಬರುತ್ತದೆ. ಟಾಯ್ಲೆಟ್‌ಗೆ ಚೊಂಬು ಹುಡುಕಬೇಕಿಲ್ಲ. ಗುಂಡಿ ಒತ್ತಿದರೆ ನೀರು ತಾನೇ ಚಿಮ್ಮುತ್ತದೆ. ಈ ಒಂದು ವಿಷಯದಲ್ಲಿ ಜಪಾನ್ ನಮ್ಮ ಮನಸ್ಸು ಚೆನ್ನಾಗಿ ಅರ್ಥ ಮಾಡಿಕೊಂಡಿದೆ.

ದೊಡ್ಡ ಸ್ನಾನದ ಕೋಣೆ ಇರುವ ಹೋಟೆಲ್ ಹಿಡಿದಿದ್ದರೆ ಬಿಡಬೇಡಿ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಬಟ್ಟೆ ಪೂರ್ತಿ ಕಳಚಬೇಕು, ಚಡ್ಡಿ ಹಾಕಿಕೊಂಡು ಇಳಿಯುವಂತಿಲ್ಲ. ಮೊದಲು ಹೊರಗೆ ಸಣ್ಣ ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ಪೂರಾ ತೊಳೆದುಕೊಳ್ಳಬೇಕು. ಆಮೇಲೆ ತೊಟ್ಟಿಗಿಳಿದು ಸುಮ್ನೆ ಕೂರಬೇಕು. ಟವೆಲ್ ನೀರಿಗೆ ಅದ್ದಬಾರದು. ನಾಚಿಕೆ ಅನ್ನಿಸಿದರೆ ಬೆಳಗ್ಗೆ ಐದೂವರೆ ಆರಕ್ಕೆ ಹೋಗಿ, ಜನ ಕಡಿಮೆ. ಹಚ್ಚೆ ಇದ್ದವರು ಮೊದಲೇ ಕೇಳಿಕೊಳ್ಳಿ, ಬಿಡದ ಜಾಗಗಳಿವೆ.

ಬಟ್ಟೆ ಒಗೆಯಲು ಹೋಟೆಲಿನಲ್ಲೇ ನಾಣ್ಯ ಹಾಕುವ ಮೆಷಿನ್ ಇರುತ್ತದೆ. ಆ 100 ಯೆನ್ ನಾಣ್ಯಗಳು ಬೇಕಾಗುವುದು ಇಲ್ಲಿ. ರಾತ್ರಿ ಒಂಬತ್ತು ಹತ್ತಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸಂಜೆಯೇ ಹಾಕಿಬಿಡಿ.

8. ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ಈ ಸೀಮೆಯ ಹೆಸರಾಂತ ಊಟ ಸೋಬಾ. ಕಾಡುಗೋಧಿಯ (ಬಕ್‌ವೀಟ್) ಶಾವಿಗೆ ಅನ್ನಬಹುದು. ಶಾವಿಗೆಯಲ್ಲಿ ಮೀನಿಲ್ಲ, ಅದನ್ನು ಅದ್ದಿ ತಿನ್ನುವ ರಸದಲ್ಲಿ ಇದೆ. ಆ ರಸದ ತಳಹದಿ 'ದಾಶಿ', ಒಣಗಿಸಿ ಹೆರೆದ ಮೀನಿನ ಸಾರು. ಮಿಸೊ ಸೂಪಿನಲ್ಲೂ ಅದೇ, ಬೇಯಿಸಿದ ತರಕಾರಿಯಲ್ಲೂ ಬಹುತೇಕ ಅದೇ. 'ವೆಜ್' ಅಂತ ಕೇಳಿದರೆ "ಹೂಂ, ಮಾಂಸ ಇಲ್ಲ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಹಾಗಾಗಿ ಹೀಗೆ ಹೇಳಿ: "ನಿಕು ತೊ ಸಕನಾ ವಾ ತಾಬೆಮಾಸೆನ್. ದಾಶಿ ಮೊ ದಾಮೆ ದೆಸು." ಮಾಂಸ ಮೀನು ತಿನ್ನುವುದಿಲ್ಲ, ದಾಶಿಯೂ ಆಗದು ಅಂತ ಅರ್ಥ. ಸೋಬಾ ತಿನ್ನಲೇಬೇಕೆಂದರೆ ರಸ ಬಿಟ್ಟು ಉಪ್ಪಿನ ಜೊತೆ ಕೇಳಿ ನೋಡಿ. ಒಪ್ಪುವ ಅಂಗಡಿಗಳಿವೆ.

ಸುಲಭವಾಗಿ ಸಿಗುವುದು 'ಒಯಾಕಿ'. ನಾಗಾನೊ ಸೀಮೆಯ ತುಂಬಿದ ರೊಟ್ಟಿ, ನಮ್ಮ ಕಡುಬಿನ ದೂರದ ನೆಂಟ. ಒಳಗೆ ಸಿಹಿಗುಂಬಳ, ಬದನೆ, ಸೊಪ್ಪಿನ ಉಪ್ಪಿನಕಾಯಿ, ಅಥವಾ ಕೆಂಪು ಕಾಳಿನ ಸಿಹಿ ಹೂರಣ. ಕಟ್ಟಾ ಸಸ್ಯಾಹಾರಿಗಳಿಗೆ ಹೂರಣದ್ದೇ ಕ್ಷೇಮ. ಉಳಿದವಕ್ಕೆ ಹಾಕುವ ಮಸಾಲೆಯಲ್ಲಿ ದಾಶಿ ಇರಬಹುದು, ಕೇಳಿ.

ಬೆಳಗಿನ ತಿಂಡಿಯ ಬಫೆಯಲ್ಲಿ ಅನ್ನ, ಬ್ರೆಡ್ಡು, ಸಲಾಡು, ಮೊಸರು, ಹಣ್ಣು ಸಿಗುತ್ತದೆ. ಮೊಸರಿಗೆ ಸಕ್ಕರೆ ಹಾಕಿದ್ದಾರಾ ಅಂತ ಒಂದು ಚಮಚ ನೋಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ಡಬ್ಬಿಯ ಮೇಲೆ 'ಮುತೋ' ಅಂತ ಇರಬೇಕು, ಸಕ್ಕರೆ ಇಲ್ಲದ್ದು ಅಂತ. ಸಪ್ಪೆ ಮೊಸರು ಸಿಕ್ಕಿತೆಂದರೆ ಬಿಸಿ ಅನ್ನ, ಉಪ್ಪು, ಬ್ಯಾಗಿನಲ್ಲಿನ ಉಪ್ಪಿನಕಾಯಿ ಪೊಟ್ಟಣ. ಇನ್ನೇನು ಬೇಕು? ದಿನವಿಡೀ ತೆರೆದಿರುವ ಅಂಗಡಿಗಳಿಗೆ 'ಕೊಂಬಿನಿ' ಅನ್ನುತ್ತಾರೆ, ಸ್ಟೇಷನ್ ಸುತ್ತ ಇದ್ದೇ ಇರುತ್ತವೆ. ಅಲ್ಲಿ ಡಬ್ಬಿಯ ಅನ್ನ ಕೊಂಡರೆ ಬಿಸಿ ಮಾಡಿಕೊಳ್ಳಲು ಮೈಕ್ರೊವೇವ್ ಇದೆ. ನಮ್ಮೂರಿನ ರೆಡಿ ಪೊಟ್ಟಣ ಜೊತೆಗಿದ್ದರೆ ಬಿಸಿನೀರಿನಲ್ಲಿ ಇಳಿಬಿಡಿ. ಆದರೆ ರೂಮಿನ ಕೆಟಲ್ ಒಳಗೇ ನೂಡಲ್ಸ್ ಬೇಯಿಸಬೇಡಿ, ನಿಮ್ಮ ನಂತರ ಬರುವವರು ಅದರಲ್ಲೇ ಚಹಾ ಮಾಡುತ್ತಾರೆ ಅಲ್ವಾ? ಊರಿನಿಂದ ಹಸಿ ಕರಿಬೇವು, ಹಣ್ಣು, ಅಕ್ಕಿ ಒಯ್ಯಬೇಡಿ. ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಒಂದು ಎಚ್ಚರಿಕೆ. ಹಳೇ ಪ್ರವಾಸ ಬರಹಗಳಲ್ಲಿ ಪೇಟೆ ನಡುವಿನ ಇನೊಉಎ ಮಳಿಗೆಯ ತಿನಿಸಿನ ಮಹಡಿಗೂ ಪಾರ್ಕೊ ಮಳಿಗೆಗೂ ಹೋಗಿ ಅಂತ ಇದೆ. ಎರಡೂ 2025ರಲ್ಲಿ ಮುಚ್ಚಿದವು. ಸಂಜೆ ತಿನ್ನಲು ಸ್ಟೇಷನ್ ಕಟ್ಟಡದಲ್ಲೇ ಇರುವ ಮಿದೊರಿ ಮಳಿಗೆ ನೋಡಿ.

9. ಕೋಟೆಯ ಎರಡು ಹೊತ್ತು

ಸಂಜೆ ರೂಮಿನಿಂದ ಹೊರಟು ಹೊಮ್ಮಾಚಿ ಬೀದಿ ಹಿಡಿದು ಉತ್ತರಕ್ಕೆ ನಡೆಯಿರಿ. ಬಲಕ್ಕೆ ಸಿಗುವ ನಾಕಾಮಾಚಿ ಬೀದಿಯಲ್ಲಿ ಕಪ್ಪು ಬಿಳಿ ಚೌಕದ ಗೋಡೆಯ ಹಳೇ ಉಗ್ರಾಣಗಳಿವೆ. ಮೆತೊಬಾ ಹೊಳೆಗೆ ಕಟ್ಟಿದ ಸೆನ್ಸೈ ಸೇತುವೆ ದಾಟಿದರೆ ಪಕ್ಕದಲ್ಲೇ ನಾವಾತೆ ಬೀದಿ, ಎಲ್ಲೆಲ್ಲೂ ಕಪ್ಪೆ ಬೊಂಬೆಗಳು. ಇಲ್ಲಿನ ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ಕೊಳ್ಳುವುದಿದ್ದರೆ ಐದರೊಳಗೆ. ಊರಿನ ಅಲ್ಲಲ್ಲಿ ಚಿಲುಮೆಗಳಿವೆ. ಗೆಂಚಿ ಬಾವಿಯಲ್ಲಿ ಊರಿನವರೇ ಕ್ಯಾನ್ ತಂದು ನೀರು ಹಿಡಿಯುತ್ತಾರೆ, ನೀವೂ ಬಾಟಲಿ ತುಂಬಿಸಿಕೊಳ್ಳಿ.

ಸೇತುವೆಯಿಂದ ನೇರ ಹೋದರೆ ಕೋಟೆ. ಕತ್ತಲಾದ ಮೇಲೆ ರಾತ್ರಿ ಹತ್ತರವರೆಗೆ ದೀಪ ಇರುತ್ತದೆ. ಪಶ್ಚಿಮದ ಕೆಂಪು ಸೇತುವೆಯ ಹತ್ತಿರ ನಿಂತು ನೋಡಿ. ಸೇತುವೆ ದಾಟಲು ಬಿಡುವುದಿಲ್ಲ, ನೋಟಕ್ಕೆ ಮಾತ್ರ. ಗಾಳಿ ಇಲ್ಲದ ರಾತ್ರಿಯಾದರೆ ಇಡೀ ಗೋಪುರ ನೀರಿನಲ್ಲಿ. ಬೆಳಗ್ಗೆ ಮತ್ತೆ ಬನ್ನಿ, ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ. ಆಗ ಕಂದಕದ ಸುತ್ತ ಇರುವುದು ನಾಯಿ ಹಿಡಿದುಕೊಂಡು ವಾಕಿಂಗ್ ಬಂದ ಊರಿನವರು, ಬಾತುಕೋಳಿಗಳು, ನೀವು. ಆಮೇಲೆ ರೂಮಿಗೆ ಹೋಗಿ ತಿಂಡಿ ಮುಗಿಸಿ, 8:30ಕ್ಕೆ ಬಾಗಿಲು ತೆಗೆಯುವಾಗ ಮೂರನೇ ಸಲ ಬನ್ನಿ. ಮೂರು ಸಲ ಹೋಗಿಬರಲು ಆಗುವುದು ರೂಮ್ ಹತ್ತಿರ ಇದ್ದರೆ ಮಾತ್ರ.

ಒಳಗೆ ಹೋಗಲು ದೊಡ್ಡವರಿಗೆ 2025ರ ಏಪ್ರಿಲ್‌ನಿಂದ 1,300 ಯೆನ್, ಆನ್‌ಲೈನ್ ಟಿಕೆಟ್ ನೂರು ಯೆನ್ ಕಡಿಮೆ. ಸಂಜೆ ಐದಕ್ಕೆ ಮುಚ್ಚುತ್ತಾರೆ. ವರ್ಷದ ಕೊನೆಯ ಮೂರು ದಿನ ರಜೆ. ಚಪ್ಪಲಿ, ಬೂಟು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹಿಡಿದೇ ಹತ್ತಬೇಕು. ಹೊರಗಿನಿಂದ ಎಣಿಸಿದರೆ ಐದು ಅಂತಸ್ತು, ಒಳಗೆ ಆರು. ಮೂರನೆಯದು ಹೊರಗೆ ಕಾಣದ ಗುಟ್ಟಿನ ಮಹಡಿ. ಮೆಟ್ಟಿಲು ತುಂಬ ಕಡಿದು, ಒಂದು ಕಡೆ 61 ಡಿಗ್ರಿ, ಅಟ್ಟದ ಏಣಿ ಅಂದುಕೊಳ್ಳಿ. ಮಂಡಿನೋವಿನ ಹಿರಿಯರು, ಸೀರೆ ಉಟ್ಟವರು, ಮಗು ಎತ್ತಿಕೊಂಡವರು ಕೆಳಗಿನ ಅಂಗಳದಲ್ಲೇ ಕೂರುವುದು ಒಳ್ಳೆಯದು. ನುಣುಪಾದ ಕಾಲುಚೀಲ ಜಾರುತ್ತದೆ.

ಈ ಗೋಪುರ ಕಟ್ಟಿದ್ದು 1593–94ರ ಹೊತ್ತಿಗೆ. 1872ರಲ್ಲಿ ಇದನ್ನು ಹರಾಜಿಗೇ ಹಾಕಿಬಿಟ್ಟಿದ್ದರು, ಒಡೆದು ಮರ ಮಾರುವುದಷ್ಟೇ ಬಾಕಿ. ಊರಿನ ಇಚಿಕಾವಾ ರ್ಯೊಜೊ ಅನ್ನುವವರು ಕೋಟೆಯೊಳಗೇ ವಸ್ತುಪ್ರದರ್ಶನ ನಡೆಸಿ ದುಡ್ಡು ಕೂಡಿಸಿ ಉಳಿಸಿಕೊಂಡರು. ಪಕ್ಕಕ್ಕೆ ಅಂಟಿಕೊಂಡಿರುವ ತೆರೆದ ಮೊಗಸಾಲೆ ನೋಡಲು ಮರೆಯಬೇಡಿ. ಅದು ಯುದ್ಧಕ್ಕಲ್ಲ, ಕೂತು ಚಂದ್ರನನ್ನು ನೋಡಲು. ಕೋಟೆ ಕಟ್ಟಿ ನಾಲ್ಕು ದಶಕ ಆದಮೇಲೆ, ಯುದ್ಧಗಳು ಮುಗಿದ ಕಾಲದಲ್ಲಿ ಸೇರಿಸಿದ್ದು.

10. ಎರಡನೇ ದಿನ, ಮತ್ತು ಹೊರಡುವುದು

ಕಾಮಿಕೋಚಿ ತೆರೆದಿರುವುದು ಏಪ್ರಿಲ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಮಾತ್ರ. ಸ್ವಂತ ಕಾರು ಬಿಡುವುದಿಲ್ಲ. ಮಾತ್ಸುಮೊತೊ ಸ್ಟೇಷನ್ನಿನ 7ನೇ ಪ್ಲಾಟ್‌ಫಾರ್ಮ್‌ನಿಂದ ಆಲ್ಪಿಕೊ ಕಂಪನಿಯ ಪುಟ್ಟ ರೈಲು ಅರ್ಧ ಗಂಟೆಯಲ್ಲಿ ಶಿನ್-ಶಿಮಾಶಿಮಾಗೆ ಮುಟ್ಟಿಸುತ್ತದೆ. ಅಲ್ಲಿಂದ ಬಸ್ಸು, ಒಂದು ಗಂಟೆ ಚಿಲ್ಲರೆ. ಎರಡೂ ಸೇರಿದ ಒಂದೇ ಟಿಕೆಟ್ ಸಿಗುತ್ತದೆ. ಸೀಟ್ ಕಾಯ್ದಿರಿಸುವ ನಿಯಮವನ್ನು ಹೋಗುವ ವರ್ಷದ ವೇಳಾಪಟ್ಟಿಯಲ್ಲೇ ನೋಡಿಕೊಳ್ಳಿ. ಬೆಳಗಿನ ಮೊದಲ ರೈಲುಗಳಲ್ಲಿ ಹೋಗಿ. ಹೋಟೆಲ್ ತಿಂಡಿ ಶುರುವಾಗುವ ಮುಂಚೆಯೇ ಹೊರಡಬೇಕಾದೀತು, ಹಿಂದಿನ ರಾತ್ರಿ ಕೊಂಬಿನಿಯಲ್ಲಿ ಬನ್ನು ಬಾಳೆಹಣ್ಣು ತಂದಿಡಿ. ಕಣಿವೆಗೆ ಇಳಿದ ತಕ್ಷಣ ವಾಪಸ್ ಬಸ್ಸಿನ ವ್ಯವಸ್ಥೆ ಕೇಳಿಕೊಳ್ಳಿ. ಮಧ್ಯಾಹ್ನ ಮೂರರ ಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸಾಲು ಉದ್ದ.

ಚೆಕ್‌ಔಟ್ ಹತ್ತಕ್ಕೆ, ಕೆಲವು ಕಡೆ ಹನ್ನೊಂದಕ್ಕೆ. ಹತ್ತು ನಿಮಿಷ ಮೀರಿದರೂ ಹೆಚ್ಚಿನ ದುಡ್ಡು ಬೀಳಬಹುದು. ಕೀ ಕಾರ್ಡನ್ನು ಕೌಂಟರಿನ ಡಬ್ಬಿಗೆ ಹಾಕಿದರೆ ಮುಗಿಯಿತು. ರೈಲು ಸಂಜೆಗಿದ್ದರೆ ಚೀಲ ಮತ್ತೆ ಅಲ್ಲೇ ಬಿಡಿ. ಕೋಟೆಯ ಕಡೆಗೆ ನಾಲ್ಕನೇ ಸಲ ಹೋಗಿಬರಲು ಹೊತ್ತಿರುತ್ತದೆ.